ರ‍್ಯಾಮ್ ರೇಟು ತಿಳಿಯಲು ಯಾವುದು ವಾಸಿ: ಕೀಪಾ, ಪಿಸಿಪಾರ್ಟ್‌ಪಿಕರ್, ಟ್ರೆಂಡ್‌ಫೋರ್ಸ್ ಅಥವಾ ಊರಿನ ಅಂಗಡಿ?

ದಾವಣಗೆರೆಯಲ್ಲಿ ಕೂತು ಕಂಪ್ಯೂಟರಿಗೆ ಒಂದೆರಡು ರ‍್ಯಾಮ್ ಕೊಳ್ಳುವವರಿಗಾದರೆ ನನ್ನ ಓಟು ಅಮೆಜಾನ್ ಬೆಲೆಗಳ ಏರಿಳಿತವನ್ನು ಗ್ರಾಫಿನಲ್ಲಿ ತೋರಿಸುವ ಕೀಪಾ ಎಂಬ ಜಾಲತಾಣಕ್ಕೆ. ಅಮೆಜಾನ್ ಇಂಡಿಯಾದ ಹಳೆಯ ಬೆಲೆಗಳೆಲ್ಲ ರೂಪಾಯಿಯಲ್ಲೇ ಸಿಗುತ್ತವೆ, ಬೆಲೆಯ ಗ್ರಾಫಿಗೆ ಕಾಸು ಕೊಡಬೇಕಿಲ್ಲ. ಇಂಥದ್ದೇ ಇನ್ನೊಂದು ತಾಣವಾದ ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್‌ನಲ್ಲಿ ಅಮೆಜಾನ್ ಇಂಡಿಯಾವೇ ಇಲ್ಲ.

ಕೀಪಾದ ದೊಡ್ಡ ಕಿರಿಕಿರಿ: ಸುಳ್ಳು ಏರಿಕೆ. ‘ನ್ಯೂ’ ಎಂಬ ನೀಲಿ ಗೆರೆ ತೋರಿಸುವುದು ಆ ಹೊತ್ತಿಗೆ ಹೊಸ ವಸ್ತು ಮಾರುವವರಲ್ಲಿ ಅತಿ ಕಡಿಮೆ ಹೇಳಿದವರ ಬೆಲೆ. ಕಡಿಮೆಗೆ ಕೊಡುತ್ತಿದ್ದವರ ಸ್ಟಾಕ್ ಮುಗಿದರೆ, ಉಳಿದವರು ಬಾಯಿಗೆ ಬಂದಂತೆ ಹಾಕಿದ ರೇಟೇ ಗೆರೆಯಾಗುತ್ತದೆ. ಮಾರುಕಟ್ಟೆ ಅಲುಗಾಡಿರುವುದಿಲ್ಲ, ಗೆರೆ ಮಾತ್ರ ನೆಟ್ಟಗೆ ಮೇಲೆದ್ದಿರುತ್ತದೆ.

ಹಾಗಾಗಿ ಒಂದೇ ಗ್ರಾಫ್ ನಂಬಬೇಡಿ. ಒಂದೇ ಗಾತ್ರ, ಒಂದೇ ವೇಗದ, ಉದಾಹರಣೆಗೆ 16 ಜಿಬಿ ಗಾತ್ರದ, ಡಿಡಿಆರ್5 ಪೀಳಿಗೆಯ, 5600 ವೇಗದ, ಮೂರು ಬೇರೆ ಕಂಪನಿಗಳ ಮಾಡ್ಯೂಲ್ (ರ‍್ಯಾಮ್ ಕಡ್ಡಿ) ಆರಿಸಿ. ಮೂರೂ ಏರಿದ್ದರೆ ಏರಿಕೆ ನಿಜ. ಆ ಮೂರರಲ್ಲಿ ಮೈಕ್ರಾನ್ ಕಂಪನಿಯ ಕ್ರೂಶಿಯಲ್ ಬ್ರ್ಯಾಂಡ್ ಬೇಡ: ಆ ಗ್ರಾಹಕ ವ್ಯವಹಾರ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದೆ, ಸ್ಟಾಕ್ ಕರಗಿದಂತೆ ಅದರ ಗೆರೆ ದಾರಿ ತಪ್ಪಿಸುತ್ತದೆ. 8 ಜಿಬಿ, 16 ಜಿಬಿ ಒಂದೇ ಪುಟದಲ್ಲಿದ್ದರೂ ಕೀಪಾಗೆ ಅವು ಬೇರೆ ವಸ್ತುಗಳು. ಬೇಕಾದ ಗಾತ್ರ ಒತ್ತಿದ ಮೇಲೆ ಗ್ರಾಫ್ ನೋಡಿ. ಬೆಲೆ ಇಳಿದಾಗ ತಿಳಿಸು ಎಂದು ಕೇಳುವಾಗ ನಿಮ್ಮ ಮೊತ್ತವನ್ನು ‘ನ್ಯೂ’ ಖಾನೆಗೇ ಹಾಕಿ. ‘ಅಮೆಜಾನ್’ ಖಾನೆ ಅಮೆಜಾನ್ ತಾನೇ ಮಾರುವ ಬೆಲೆಯದು; ಆ ಗೆರೆ ಖಾಲಿಯಿದ್ದರೆ ಸಂದೇಶ ಬರುವುದೇ ಇಲ್ಲ. ಹಬ್ಬದ ಸೇಲಿನ ಬ್ಯಾಂಕ್ ಕಾರ್ಡ್ ರಿಯಾಯಿತಿಯೂ ಗ್ರಾಫಿನಲ್ಲಿ ಕಾಣದು.

ಕಂಪ್ಯೂಟರ್ ಬಿಡಿಭಾಗಗಳ ಬೆಲೆ ಹೋಲಿಸುವ ಪಿಸಿಪಾರ್ಟ್‌ಪಿಕರ್ ತಾಣದ ಟ್ರೆಂಡ್ ಪುಟ ಒಂದೊಂದು ಬಗೆಯ ರ‍್ಯಾಮಿನ ಸರಾಸರಿ ಬೆಲೆ ತೋರಿಸುವುದರಿಂದ ಸುಳ್ಳು ಏರಿಕೆಯ ಕಾಟ ಕಡಿಮೆ. ಆದರೆ ಅದು ಡಾಲರ್ ಲೆಕ್ಕ, ನಮ್ಮ ಜಿಎಸ್‌ಟಿ ಅದರಲ್ಲಿಲ್ಲ. ದಿಕ್ಕು ನೋಡಲು ಸಾಕು.

ಮಾರುಕಟ್ಟೆ ಅಧ್ಯಯನ ಸಂಸ್ಥೆ ಟ್ರೆಂಡ್‌ಫೋರ್ಸ್‌ನ ಮುಖ್ಯ ಸ್ಪಾಟ್ ಪಟ್ಟಿಯ ಬೆಲೆ (ಆ ಹೊತ್ತಿನ ಸಗಟು ಬೆಲೆ) ಮಾಡ್ಯೂಲಿನದಲ್ಲ, ಬಿಡಿ ಚಿಪ್ಪಿನದು. ಅಲ್ಲಿನ 16 ಗಿಗಾಬಿಟ್ ಅಂದರೆ 2 ಜಿಬಿ. 16 ಜಿಬಿ ಕಡ್ಡಿಗೆ ಅಂಥವು ಎಂಟು ಬೇಕು. ಕಾಲೇಜು ಲ್ಯಾಬಿಗೆ ಐವತ್ತು ಕೊಳ್ಳುವವರು ನೋಡಲಿ, ಒಂದು ಕೊಳ್ಳುವವರಿಗೆ ಯಾಕೆ?

ಊರಿನ ಅಂಗಡಿಯ ರೇಟು ಕೇಳುವಾಗ ‘ಬಿಲ್ ಸಮೇತ ಎಷ್ಟು’ ಎಂದೇ ಕೇಳಿ. ಉದಾಹರಣೆಗೆ, ಫೋನಿನಲ್ಲಿ ₹3,000 ಅಂದದ್ದು 18% ಜಿಎಸ್‌ಟಿ ಕೂಡಿದರೆ ₹3,540. ಕೀಪಾದ ಮೂರು ಗೆರೆಗಳಿಗಿಂತ ಇನ್ನೂರು ಮುನ್ನೂರು ಹೆಚ್ಚಾದರೂ ನಾನು ಅಂಗಡಿಯಲ್ಲೇ ಕೊಳ್ಳುತ್ತೇನೆ: ಅಲ್ಲೇ ಹಾಕಿಸಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಓಡಿಸಿ ನೋಡಬಹುದು.