ಓಡಿಕೆ ಕಲೆಕ್ಟ್: ಆರು ವರ್ಷ ಮೇಕೆ ಸಾಲದ ಲೆಕ್ಕ ಹಿಡಿದ ಮೇಲೆ ನನ್ನ ಅನುಭವ

ಪಾವಗಡ ತಾಲೂಕಲ್ಲಿ ಮಹಿಳಾ ಸಂಘಗಳ ಜೊತೆ ಕೆಲ್ಸ ಮಾಡೋ ಸಣ್ಣ ಸಂಸ್ಥೆ ನಮ್ದು. ಆಫೀಸಲ್ಲಿ 4 ಜನ, ಊರುಗಳಲ್ಲಿ 11 ಜನ ಕಾರ್ಯಕರ್ತೆಯರು. ಮೇಕೆ ಸಾಕೋಕೆ, ಹುಣಸೆಹಣ್ಣು ಬಿಡಿಸಿ ಮಾರೋಕೆ, ಟೈಲರಿಂಗ್ ಮಿಷಿನ್‌ಗೆ ಅಂತ ಸಂಘದ ಮೂಲಕ ಸಾಲ ಕೊಡ್ಸೋದು, ಕೊಡ್ಸಿದ್ಮೇಲೆ ಒಂದೆರಡು ವರ್ಷ ಬಿಡದೆ ಹಿಂದೆ ನಿಲ್ಲೋದು, ಇಷ್ಟೇ ನಮ್ಮ ಕೆಲ್ಸ. ಹೀಗೆ ಹಿಂದೆ ನಿಂತು ನೋಡ್ಕೊಳ್ಳೋ ಕೆಲ್ಸಕ್ಕೇ ನಾವು ಓಡಿಕೆ (ODK) ಅನ್ನೋ ಫೋನ್ ಆಪ್ ಬಳಸ್ತಿರೋದು, ಆರು ವರ್ಷ ಆಯ್ತು. ಸಣ್ಣ ಸಂಸ್ಥೆ ನಡೆಸ್ತಿರೋರು ಯಾರಾದ್ರೂ ಯೋಚ್ನೆ ಮಾಡ್ತಿದ್ರೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಗೊತ್ತಿಲ್ದೋರಿಗೆ: ಇದು ಆಂಡ್ರಾಯ್ಡ್ ಫೋನಲ್ಲಿ ಫಾರ್ಮ್ ತುಂಬೋ ಆಪ್, ಫ್ರೀ, ಓಪನ್ ಸೋರ್ಸ್. 2008ರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಲಿ ಶುರುವಾಗಿದ್ದು. ನೆಟ್‌ವರ್ಕ್ ಇಲ್ದಿದ್ರೂ ತುಂಬ್ಬಹುದು, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಹೋಗುತ್ತೆ. ನಮ್ಮ ಆಂಧ್ರ ಗಡಿ ಊರುಗಳಲ್ಲಿ ಇದೊಂದೇ ಸಾಕಿತ್ತು ನಂಗೆ, ಬೇರೇನೂ ಕೇಳ್ಲಿಲ್ಲ.

ಇದಕ್ಕೂ ಮುಂಚೆ ಒಂದು ಕಂಪನಿ ಹತ್ರ ದುಡ್ಡು ಕೊಟ್ಟು ಆಪ್ ಮಾಡ್ಸಿದ್ವಿ. ನೋಡೋಕೆ ಚೆನ್ನಾಗಿತ್ತು, ಡ್ಯಾಶ್‌ಬೋರ್ಡ್ ಎಲ್ಲ ಇತ್ತು, ಆದ್ರೆ ಒಂದು ಪ್ರಶ್ನೆ ಬದಲಾಯಿಸ್ಬೇಕು ಅಂದ್ರೂ ಅವರಿಗೆ ಮೇಲ್ ಹಾಕಿ ವಾರಗಟ್ಲೆ ಕಾಯ್ಬೇಕು, ಜೊತೆಗೆ ಪ್ರತಿ ಬದಲಾವಣೆಗೂ ಬೇರೆ ಬಿಲ್ಲು, ಕೊನೆಗೆ ಪ್ರಾಜೆಕ್ಟ್ ದುಡ್ಡು ಮುಗಿದಾಗ ಆಪೂ ನಿಂತೋಯ್ತು, ಒಳಗಿದ್ದ ಎರಡು ವರ್ಷದ ಮಾಹಿತಿ ಅರ್ಧಂಬರ್ಧ ಎಕ್ಸೆಲ್ ಫೈಲಾಗಿ ಕೈಗೆ ಬಂತು. ಆವತ್ತು ಆಫೀಸಲ್ಲಿ ಕೂತು ನಿಜವಾಗ್ಲೂ ಅತ್ತಿದೀನಿ, ಯಾಕಂದ್ರೆ ಅದರಲ್ಲಿದ್ದಿದ್ದು ಮನೆಮನೆಗೆ ನಡ್ಕೊಂಡು ಹೋದೋರ ಶ್ರಮ.

ಓಡಿಕೆಲಿ ಫಾರ್ಮ್ ಅಂದ್ರೆ ಒಂದು ಎಕ್ಸೆಲ್ ಶೀಟ್ ಅಷ್ಟೆ. ಒಂದೊಂದು ಸಾಲು ಒಂದೊಂದು ಪ್ರಶ್ನೆ. "ಜಮೀನು ಇದ್ಯಾ" ಅನ್ನೋದಕ್ಕೆ ಇಲ್ಲ ಅಂದ್ರೆ ಮಾತ್ರ "ಮೇಕೆ ಎಲ್ಲಿ ಮೇಯಿಸ್ತೀರ" ಅಂತ ಕೇಳ್ಬೇಕು ಅನ್ನೋದನ್ನ ಒಂದು ಕಾಲಮ್‌ನಲ್ಲಿ ಬರೆದ್ರೆ ಮುಗೀತು. ನಮ್ಮಲ್ಲಿ ಈ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ತಿರುಮಣಿ, ವಳ್ಳೂರು ಕಡೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದಾಗ ಜಮೀನು ಇದ್ದೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತ ಶುರುವಾಯ್ತು, ಆದ್ರೆ ಅದೇ ಹೊಲಗಳಲ್ಲಿ ಕಡ್ಲೇಕಾಯಿ ಕೀಳೋಕೆ ಹೋಗ್ತಿದ್ದ ಜಮೀನಿಲ್ಲದ ಮನೆಗಳಿಗೆ ಕೂಲಿನೂ ಹೋಯ್ತು, ಮೇಕೆ ಬಿಡೋ ಜಾಗನೂ ಹೋಯ್ತು. ಅಂಥ ಮನೆಗೆ ಹೋಗಿ ಮೇಯೋ ಜಾಗ ಕೇಳ್ದೆ ಮೇಕೆ ಸಾಲ ಕೊಡ್ಸಿದ್ರೆ ಅವರ ತಲೆ ಮೇಲೆ ಸಾಲ ಹೊರಿಸಿದ ಹಾಗೇ ಅಲ್ವಾ? ಆ ಪ್ರಶ್ನೆ ಸೇರಿಸ್ಬೇಕು ಅನ್ಸಿದ ದಿನ ಸಾಯಂಕಾಲನೇ ನಾನೇ ಸೇರಿಸ್ದೆ, ಮಾರನೇ ದಿನ ಎಲ್ಲರ ಫೋನಲ್ಲೂ ಹೊಸ ಫಾರ್ಮ್ ಇತ್ತು. ಯಾರ ಅಪ್ಪಣೆಗೂ ಕಾಯ್ಲಿಲ್ಲ, ಬಿಲ್ಲೂ ಬರ್ಲಿಲ್ಲ. ನಾನು ಕಂಪ್ಯೂಟರ್ ಓದಿದೋಳಲ್ಲ, ಬಿಎ ಮಾಡಿದೋಳು, ಆದ್ರೂ ಆಯ್ತು.

ಭಾಷೆ ವಿಷ್ಯ ಹೇಳ್ಲೇಬೇಕು. ನಮ್ಮ ತಾಲೂಕಲ್ಲಿ ಸುಮಾರು ಮನೆಗಳಲ್ಲಿ ತೆಲುಗೇ ಮಾತು. ಒಂದೇ ಫಾರ್ಮಲ್ಲಿ ಕನ್ನಡ, ತೆಲುಗು ಎರಡೂ ಹಾಕ್ಬಹುದು, ಮಧ್ಯದಲ್ಲೇ ಬದಲಾಯಿಸ್ಕೊಬಹುದು. ಮೊದ್ಲು ಕಾರ್ಯಕರ್ತೆಯರು ಕನ್ನಡ ಓದಿ ಮನಸ್ಸಲ್ಲೇ ತೆಲುಗು ಮಾಡಿ ಕೇಳ್ತಿದ್ರು, ಒಬ್ಬೊಬ್ರು ಒಂದೊಂದು ಥರ ಕೇಳೋರು, ಉತ್ತರನೂ ಹಾಗೇ ಬರ್ತಿತ್ತು. ಈಗ ಎಲ್ಲರೂ ಒಂದೇ ಮಾತಲ್ಲಿ ಕೇಳ್ತಾರೆ.

ತೊಂದ್ರೆ ಆಗಿದ್ದು ನಮ್ಮ ಹಳೇ ಕಡತದಿಂದ. ಸಂಘಗಳ ಪಟ್ಟಿ ಎಲ್ಲ ಹಳೇ ನುಡಿ ಫಾಂಟಲ್ಲಿ ಟೈಪ್ ಆಗಿತ್ತು, ಎಲ್ಲ ಫೋನೂ ಓದೋ ಯೂನಿಕೋಡ್ ಅಲ್ಲ, ಹಾಗೇ ತಂದು ಹಾಕಿದ್ರೆ ಫೋನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಕನ್ವರ್ಟರ್ ಹಾಕಿ ಆಮೇಲೆ ಒತ್ತಕ್ಷರ ಒಂದೊಂದೇ ನೋಡಿ ತಿದ್ದಿದ್ವಿ. ಇನ್ನೊಂದು, ಸರ್ವರ್‌ನಿಂದ ಡೌನ್‌ಲೋಡ್ ಮಾಡಿದ ಉತ್ತರಗಳ ಸಿಎಸ್‌ವಿ ಫೈಲನ್ನ ನೇರ ಡಬಲ್ ಕ್ಲಿಕ್ ಮಾಡಿದ್ರೆ ಎಕ್ಸೆಲ್‌ನಲ್ಲಿ ಕನ್ನಡ ಕೆಟ್ಟು ಕಾಣ್ಬಹುದು, ಗಾಬರಿ ಆಗ್ಬೇಡಿ, ಡೇಟಾ ಮೆನುಗೆ ಹೋಗಿ ಟೆಕ್ಸ್ಟ್ ಫೈಲ್ ಅಂತ ತಗೊಂಡು ಯುಟಿಎಫ್-8 ಆರಿಸಿದ್ರೆ ಸರಿಯಾಗುತ್ತೆ.

ಈಗ ಮುಖ್ಯ ವಿಷ್ಯ. ಮೊದಲ್ನೇ ವರ್ಷ ನಾನು 84 ಪ್ರಶ್ನೆ ಹಾಕಿದ್ದೆ. ಫ್ರೀಯಾಗಿ ಸಿಕ್ತು ಅಂತ ದಾನಿಗಳು ಕೇಳಿದ್ದು, ನಾವು ಕೇಳ್ಬೇಕು ಅನ್ಕೊಂಡಿದ್ದು ಎಲ್ಲ. ಒಂದು ಮನೆಗೆ ಒಂದು ಗಂಟೆ. ಒಬ್ಬ ಅಜ್ಜಿ ನಮ್ಮ ಕಾರ್ಯಕರ್ತೆಗೆ "ಏನಮ್ಮಾ, ಪ್ರತಿ ಸಲ ಬಂದು ಬರ್ಕೊಂಡು ಹೋಗ್ತೀಯ, ನಮಗೇನು ಹೇಳ್ದೆ?" ಅಂತ ಕೇಳಿದ್ರಂತೆ. ಆ ಮಾತು ನಂಗೆ ಚುಚ್ಚಿಬಿಡ್ತು. ಅಲ್ಲಿಂದ 23 ಪ್ರಶ್ನೆಗೆ ಇಳಿಸಿದ್ವಿ. ಒಂದು ನಿಯಮನೂ ಮಾಡ್ಕೊಂಡ್ವಿ, ಏನು ಕೇಳ್ತೀವೋ ಅದರ ಉತ್ತರ ಮೂರು ತಿಂಗಳೊಳಗೆ ಸಂಘದ ಸಭೇಲಿ ಚಾರ್ಟ್ ಬರೆದು ಗೋಡೆಗೆ ಹಚ್ಚಿ ತೋರಿಸ್ಬೇಕು, ತೋರಿಸೋಕೆ ಆಗಲ್ಲ ಅಂದ್ರೆ ಕೇಳೋ ಹಾಗಿಲ್ಲ. ಆಧಾರ್ ನಂಬರ್ ತಗೊಳ್ಳೋದು ಆವತ್ತೇ ನಿಲ್ಲಿಸಿದ್ವಿ.

ಹಾಗೆ ಹಚ್ಚಿದ ಒಂದು ಚಾರ್ಟ್‌ನಿಂದ್ಲೇ ದೊಡ್ಡ ಬದಲಾವಣೆ ಆಗಿದ್ದು. ಮೇಕೆ ಸತ್ತ ತಾರೀಖು ಫಾರ್ಮಲ್ಲಿ ಇತ್ತಲ್ಲ, ಅದನ್ನ ತಿಂಗಳುವಾರು ಹಾಕಿದ್ರೆ ಮೊದಲ ಮಳೆ ಬಿದ್ದ ನಂತರದ ವಾರಗಳಲ್ಲೇ ಸಾವು ಗುಂಪಾಗಿ ಕಾಣ್ತಿತ್ತು. ಹೆಂಗಸರು ನೋಡಿದ ತಕ್ಷಣ "ಹೊಸ ಹುಲ್ಲು ತಿಂದು ಹೊಟ್ಟೆ ಉಬ್ಬಿ ಹೋಗ್ತವೆ" ಅಂದ್ರು. ಪಶು ಡಾಕ್ಟರನ್ನ ಕರ್ಸಿ ಕೇಳಿದ್ರೆ ಅದು ಇ.ಟಿ. ಅನ್ನೋ, ಕರುಳಲ್ಲಿ ವಿಷ ಆಗೋ ಕಾಯಿಲೆ ಇರ್ಬಹುದು, ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕ್ಬೇಕು ಅಂದ್ರು. ನಾವು ಸಾಲ ಕೊಡ್ಸ್ತಿದ್ದಿದ್ದು ಯಾವಾಗ? ಮೇ ಕೊನೇಲಿ, ಜೂನ್‌ನಲ್ಲಿ, ಅಂದ್ರೆ ಸಂತೆಯಿಂದ ತಂದ ಮೇಕೆ ಲಸಿಕೆ ಇಲ್ದೆ ನೇರ ಹಸಿರು ಹುಲ್ಲಿಗೆ. ಈಗ ಸಾಲ ಕೊಡ್ಸೋದನ್ನ ಜನವರಿ ಫೆಬ್ರವರಿಗೆ ತಂದಿದೀವಿ, ಏಪ್ರಿಲ್ ಕೊನೆಗೆ ಲಸಿಕೆ ಶಿಬಿರ, ಪಿಪಿಆರ್ (ಕುರಿ ಮೇಕೆಗೆ ಬರೋ ಪ್ಲೇಗ್) ಲಸಿಕೆ ಆಗಿದ್ಯಾ ಅನ್ನೋದೂ ಫಾರ್ಮಲ್ಲಿದೆ. ಸಾವು ಕಮ್ಮಿಯಾಗಿದೆ, ಕಂತು ಕಟ್ಟೋದೂ ಸುಧಾರಿಸಿದೆ. ಆ ಚಾರ್ಟ್ ಇನ್ನೂ ಸಂಘದ ಗೋಡೆ ಮೇಲಿದೆ.

ತಗೊಳ್ಳೋ ಮುಂಚೆ ಒಂದಿಷ್ಟು ಗೊತ್ತಿರ್ಲಿ. ಇದು ದುಡ್ಡಿನ ಲೆಕ್ಕದ ಸಾಫ್ಟ್‌ವೇರ್ ಅಲ್ಲ. ಉಳಿತಾಯ, ಒಳಸಾಲ, ಬಡ್ಡಿ ಲೆಕ್ಕಕ್ಕೆ ಸಂಘದ ಪುಸ್ತಕಗಳೇ ಬೇಕು, ನಡಾವಳಿ ಪುಸ್ತಕನೂ ಹಾಗೇ. ಸಂಘಗಳು ಪಾಲಿಸ್ಬೇಕಾದ ಐದು ನಿಯಮ, ಅಂದ್ರೆ ಪಂಚಸೂತ್ರದಲ್ಲಿ ಪುಸ್ತಕ ಬರೆಯೋದೂ ಒಂದು ಸೂತ್ರ, ಅದನ್ನ ಫೋನಿಗೆ ಒಪ್ಪಿಸಿ ಹೆಂಗಸರ ಕೈಯಿಂದ ಪುಸ್ತಕ ಕಿತ್ಕೊಳ್ಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸ್ವಂತ ಸರ್ವರ್ ಹಾಕ್ಕೊಂಡ್ರೆ ಸಾಫ್ಟ್‌ವೇರ್ ಫ್ರೀ, ಆದ್ರೆ ಸರ್ವರ್ ಬಾಡಿಗೆ ತಿಂಗಳು ತಿಂಗಳು ಕಟ್ಬೇಕು, ಅಪ್‌ಡೇಟ್ ಬ್ಯಾಕಪ್ ನೋಡೋಕೆ ಸ್ವಲ್ಪ ಲಿನಕ್ಸ್ ಗೊತ್ತಿರೋರು ಒಬ್ರು ಬೇಕು. ನಮಗೆ ತುಮಕೂರಲ್ಲಿ ಓದ್ತಿದ್ದ ಇಂಜಿನಿಯರಿಂಗ್ ಹುಡುಗ ಒಬ್ಬ ಮಾಡ್ಕೊಟ್ಟ, ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆಸಿ ಇಟ್ಕೊಂಡಿದೀವಿ. ಆಗಲ್ಲ ಅನ್ನೋರಿಗೆ ಓಡಿಕೆಯವರದೇ ಕ್ಲೌಡ್ ಸರ್ವರ್ ಇದೆ, ದುಡ್ಡು ಕಟ್ಬೇಕು.

ಫೋನಲ್ಲಿ ಜಾಗ ಇಲ್ಲ ಅಂತ ಆಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಕಳಿಸದೇ ಉಳಿದ ಫಾರ್ಮ್‌ಗಳೂ ಹೋಗ್ತವೆ. ನಮ್ಮಲ್ಲಿ ಒಂದು ಸಲ ಹಂಗೇ ಆಗಿ ಎರಡು ದಿನದ ಕೆಲ್ಸ ಹೋಯ್ತು, ತಪ್ಪು ನಂದೇ, ಟ್ರೈನಿಂಗಲ್ಲಿ ಹೇಳಿರ್ಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಸೆಂಡ್ ಆನ್ ಮಾಡ್ಬಿಡಿ. ಹಸು ಇರೋ ಮನೆಗಳಲ್ಲಿ ಕಿವಿಗೆ ಹಾಕಿರೋ 12 ಅಂಕಿ ಟ್ಯಾಗ್ ಟೈಪ್ ಮಾಡೋಕೆ ಹೋಗ್ಬೇಡಿ, ಬಾರ್‌ಕೋಡ್ ಪ್ರಶ್ನೆ ಹಾಕಿ ಸ್ಕ್ಯಾನ್ ಮಾಡ್ಸಿ, ತಪ್ಪು ತುಂಬಾ ಕಮ್ಮಿಯಾಗುತ್ತೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮೇಕೆ ಸಾಲದ 23 ಪ್ರಶ್ನೆ ಫಾರ್ಮ್ ಕನ್ನಡ ತೆಲುಗು ಎರಡರಲ್ಲೂ ಇದೆ, ಬೇಕಾದೋರು ಕೇಳಿ, ಎಕ್ಸೆಲ್ ಫೈಲೇ ಕಳಿಸ್ತೀನಿ, ನಿಮ್ಮೂರಿಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.