ದಿ ವಾಕಿಂಗ್ ಡೆಡ್: ಮೊದಲ ಆರು ಕಂತು ಬಿಡಬೇಡಿ

ಅಮೆರಿಕದ ಈ ಜೋಂಬಿ ಟಿವಿ ಸರಣಿ 2010ರಿಂದ 2022ರವರೆಗೆ 11 ಸೀಸನ್, 177 ಕಂತು. ಮೊದಲ ಸೀಸನ್ನಿನ ಆರೂ ಕಂತು ಅಪ್ಪಟ ಚಿನ್ನ. ಎರಡನೆಯದನ್ನೇ ನೋಡಿ: ಅಟ್ಲಾಂಟಾದಲ್ಲಿ ಕಥಾನಾಯಕ ರಿಕ್, ಅವನ ಜೊತೆಗಾರ ಗ್ಲೆನ್ ಇಬ್ಬರೂ ಹೆಣದ ಕರುಳು, ನೆತ್ತರನ್ನು ಮೈಮೇಲಿನ ಕೋಟಿಗೆ ಬಳಿದುಕೊಂಡು ಜೋಂಬಿಗಳ ನಡುವೆಯೇ ನಡೆಯುತ್ತಾರೆ. ಆ ವಾಸನೆಯೇ ರಕ್ಷಣೆ. ಅಷ್ಟರಲ್ಲಿ ಮಳೆ ಸುರಿದು ವಾಸನೆ ತೊಳೆದುಹೋಗುತ್ತದೆ. ಎದೆ ಝಲ್ಲೆನ್ನುತ್ತದೆ! ಗ್ರೆಗ್ ನಿಕೊಟೆರೊ ತಂಡದ ಮೇಕಪ್ಪಂತೂ ಕೊನೆವರೆಗೂ ಸೊರಗಿಲ್ಲ. ಸೀಸನ್ ಕಳೆದಂತೆ ಹೆಣಗಳು ಇನ್ನಷ್ಟು ಕೊಳೆತು, ಒಣಗಿದಂತೆ ಕಾಣುತ್ತವೆ.

ಸೋಲುವುದು ಕಥೆಯ ಓಟದಲ್ಲಿ. ಎರಡನೇ ಸೀಸನ್ ರೈತ ಹರ್ಷಲ್‌ನ ಜಮೀನಿನಲ್ಲೇ ಕಾಲೂರಿಬಿಡುತ್ತದೆ. ಆದರೂ ಕೊಟ್ಟಿಗೆಯ ಬಾಗಿಲು ತೆರೆಯುವ ದೃಶ್ಯಕ್ಕಾಗಿ ಅಷ್ಟು ಕಾದದ್ದು ಸಾರ್ಥಕ. 7 ಮತ್ತು 8ನೇ ಸೀಸನ್ನಿನಲ್ಲಿ ಖಳನಾಯಕ ನೀಗನ್ ಜೊತೆಗಿನ ಸಂಘರ್ಷಕ್ಕೆ 32 ಕಂತು ತೀರಾ ಹೆಚ್ಚಾಯಿತು. ಕಂತಿಗೊಂದು ಗುಂಪಿನ ಹಿಂದೆ ಹೋಗಿ ಬಿಗಿ ಸಡಿಲುತ್ತದೆ. ಸಮಯ ಕಡಿಮೆಯಿದ್ದರೆ ಐದನೇ ಸೀಸನ್ನಿಗೇ ನಿಲ್ಲಿಸಿ.