ಟ್ರಕ್ ಲಗೂನ್‌ಗೆ ಹೊರಟವರು ದುಡ್ಡು ಕಟ್ಟುವ ಮುಂಚೆ ಓದಿ

1944ರ ಫೆಬ್ರವರಿ 17 ಮತ್ತು 18ರಂದು ಅಮೆರಿಕದ ವಿಮಾನಗಳು ಜಪಾನಿನ ನೌಕಾನೆಲೆಯಾಗಿದ್ದ ಟ್ರಕ್ ಮೇಲೆ ಎರಗಿ ನಲವತ್ತಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿದವು. ಆ ಲಗೂನ್, ಅಂದರೆ ಹವಳದ ದಿಬ್ಬ ಸುತ್ತುವರಿದ ಕಡಲ ಕೊಳ, ಈಗ ಪೆಸಿಫಿಕ್ ಸಾಗರದ ದ್ವೀಪ ದೇಶ ಮೈಕ್ರೊನೇಷ್ಯಾದ ಚೂಕ್ ರಾಜ್ಯದಲ್ಲಿದೆ. ಮುಳುಗಿದ ಹಡಗುಗಳು ಇನ್ನೂ ಅದರ ತಳದಲ್ಲಿವೆ. ಡೈವಿಂಗ್ ಹುಚ್ಚು ಹತ್ತಿದವರಿಗೆ ಅದೊಂದು ಯಾತ್ರಾಸ್ಥಳ. ನಮ್ಮ ಕಡೆಯ ಒಂದು ತಂಡ ಏಜೆಂಟ್ ಮಾತು ನಂಬಿ ಈ ಯಾತ್ರೆಗೆ ಹೊರಟು ಪೂರ್ತಿ ಕೆಡಿಸಿಕೊಂಡಿತು. ಎಡವಟ್ಟೆಲ್ಲ ಕಾಗದದ ಮೇಲೆ ಮೊದಲೇ ಇತ್ತು, ಯಾರೂ ನೋಡಿರಲಿಲ್ಲ ಅಷ್ಟೇ.

ಏಜೆಂಟ್ ಬರೆದುಕೊಟ್ಟಿದ್ದು: 'ಮೈಕ್ರೊನೇಷ್ಯಾಕ್ಕೆ ವೀಸಾ ಬೇಡ'. 30 ದಿನದೊಳಗಿನ ಪ್ರವಾಸಕ್ಕೆ ಅದು ನಿಜ, ಆದರೆ ಪ್ರಯೋಜನವಿಲ್ಲದ ನಿಜ. ಚೂಕ್ ತಲುಪಿಸುವ ಯುನೈಟೆಡ್ ವಿಮಾನ ಗುವಾಮ್ ಮತ್ತು ಹೊನೊಲುಲು ನಡುವೆ ದ್ವೀಪದಿಂದ ದ್ವೀಪಕ್ಕೆ ಇಳಿಯುತ್ತಾ ಸಾಗುತ್ತದೆ. ಎರಡು ತುದಿಯೂ ಅಮೆರಿಕದ ನೆಲ. ಬರೀ ವಿಮಾನ ಬದಲಿಸಲು ಇಳಿದರೂ ಭಾರತೀಯ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಬೇಕೇ ಬೇಕು. ವಾಪಸ್ ಬರುವಾಗಲೂ ಅದೇ ದಾರಿ, ಹಾಗಾಗಿ ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾ ಸಾಲದು. ತಂಡದ ಇಬ್ಬರ ಪ್ರವಾಸ ವಿಮಾನ ನಿಲ್ದಾಣದ ಕೌಂಟರ್‌ನಲ್ಲೇ ಮುಗಿಯಿತು.

ಮುಂದೆ ಹೋದವರ ಚೀಲ ಬರಲಿಲ್ಲ. ಆ ಮಾರ್ಗದಲ್ಲಿ ತೂಕ ಹೆಚ್ಚಾದರೆ ಲಗೇಜ್ ಹಿಂದೆ ಉಳಿಯುವುದುಂಟು, ಮುಂದಿನ ವಿಮಾನ ಮರುದಿನವೇ ಇರುತ್ತದೆಂದೇನೂ ಇಲ್ಲ. ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ), ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕವಿಡುವ ಯಂತ್ರ), ಮಾಸ್ಕ್ ಈ ಮೂರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಈಗ ನಿಜವಾದ ಅಪಾಯದ ವಿಷಯ. ನೇತ್ರಾಣಿಯಲ್ಲಿ ತರಬೇತುದಾರರ ಕೈ ಹಿಡಿದು ಒಂದು ಸಲ ಮುಳುಗೆದ್ದಿದ್ದು ಸರ್ಟಿಫಿಕೇಟ್ ಅಲ್ಲ, ಫೋಟೊ ಎಷ್ಟೇ ಚೆನ್ನಾಗಿ ಬಂದಿರಲಿ. ಮೊದಲ ಹಂತದ ಸರ್ಟಿಫಿಕೇಟ್ ಆದ ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್, ಮನರಂಜನಾ ಡೈವಿಂಗ್‌ನ ಕೊನೆಯ ಗೆರೆ 40 ಮೀಟರ್. ಆದರೆ ಎಲ್ಲರಿಗೂ ಬೇಕಾದದ್ದು ಅಲ್ಲಿ ಮುಳುಗಿರುವ ಜಪಾನಿ ಸರಕು ಹಡಗು ಸ್ಯಾನ್ ಫ್ರಾನ್ಸಿಸ್ಕೊ ಮಾರು. ಅದರ ಡೆಕ್ ಮೇಲೆ ಯುದ್ಧ ಟ್ಯಾಂಕುಗಳಿವೆ, ಆ ಡೆಕ್ ಇರುವುದು ಸುಮಾರು 50 ಮೀಟರ್ ಆಳದಲ್ಲಿ. ಅಲ್ಲಿ ಒತ್ತಡ ನೀರಿನ ಮೇಲಿನದರ 6 ಪಟ್ಟು. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 120 ಲೀಟರ್ ಬೇಕು. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ಒಟ್ಟು 2400 ಲೀಟರ್, ಅಂದರೆ ತಳದಲ್ಲಿ 20 ನಿಮಿಷಕ್ಕೆ ಸಿಲಿಂಡರ್ ಪೂರ್ತಿ ಖಾಲಿ. ಮೇಲೇರಲು, ನಡುವೆ ನಿಲ್ಲಲು, ಜೊತೆಗಾರರಿಗೆ ಕೊಡಲು ಗಾಳಿ ಎಲ್ಲಿ? ಜೊತೆಗೆ ಆ ಆಳದಲ್ಲಿ ನೈಟ್ರೋಜನ್ ಅಮಲು ಏರುತ್ತದೆ, ಗೇಜ್ ನೋಡಿದರೂ ಅಂಕಿ ತಲೆಗೆ ಹೋಗುವುದಿಲ್ಲ.

'ಹಾಗಾದರೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿ ನೈಟ್ರೋಜನ್ ತಗ್ಗಿಸಿದ ಗಾಳಿ) ಹಾಕೋಣ' ಎನ್ನುವವರು ಇನ್ನೂ ದೊಡ್ಡ ಗಂಡಾಂತರ ತಂದುಕೊಳ್ಳುತ್ತಾರೆ. 32 ಪ್ರತಿಶತ ಆಮ್ಲಜನಕದ ಮಿಶ್ರಣ ಸುಮಾರು 33 ಮೀಟರ್‌ವರೆಗೆ ಮಾತ್ರ. 50 ಮೀಟರ್‌ನಲ್ಲಿ ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, 1.92 ಬಾರ್ ಆಗುತ್ತದೆ. ಒಪ್ಪಿತ ಮಿತಿ 1.4. ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು, ನೀರಿನಡಿ ಫಿಟ್ಸ್ ಎಂದರೆ ಸಾವು. ಸಿಲಿಂಡರ್ ಯಾರೇ ತಂದುಕೊಡಲಿ, ಅನಲೈಸರ್ ಇಟ್ಟು ಆಮ್ಲಜನಕದ ಪ್ರಮಾಣ ನೀವೇ ಅಳೆದು, ಟೇಪ್ ಮೇಲೆ ಬರೆದು ಅಂಟಿಸಿ.

ಹಾಗಂತ ಬರಿಗೈಲಿ ಬರಬೇಕಿಲ್ಲ. ಶಿಂಕೊಕು ಮಾರುವಿನ ಮೇಲ್ಭಾಗ ಸುಮಾರು 12 ಮೀಟರ್‌ನಲ್ಲೇ ಸಿಗುತ್ತದೆ, ಹವಳ ಹೊದ್ದು ನಿಂತಿದೆ. ಪಕ್ಕಕ್ಕೆ ಒರಗಿದ ಹೆಯಾನ್ ಮಾರುವಿನ ಮೇಲ್ಮೈಯೂ ಹೆಚ್ಚುಕಡಿಮೆ ಅಷ್ಟೇ ಆಳ. ಫುಜಿಕಾವಾ ಮಾರುವಿನ ಹೋಲ್ಡ್‌ನಲ್ಲಿ (ಸರಕು ತುಂಬುವ ಕೋಣೆಯಲ್ಲಿ) ಜಪಾನಿನ ಝೀರೊ ಯುದ್ಧವಿಮಾನದ ಒಡಲುಗಳಿವೆ, ಅದಕ್ಕೆ ಆಳದ ತರಬೇತಿ ಬೇಕು. ಹಡಗಿನ ಒಳಹೊಕ್ಕುವುದು ಮಾತ್ರ ಬೇರೆಯೇ ವಿದ್ಯೆ. ದಶಕಗಳಿಂದ ತುಕ್ಕು ಹಿಡಿದ ತಗಡು ಉಸಿರಿನ ಗುಳ್ಳೆ ತಾಗಿಯೂ ಉದುರುತ್ತದೆ, ಕಾಲಿಗೆ ತೊಟ್ಟ ಫಿನ್ ಒಮ್ಮೆ ಬಡಿದರೆ ಹೂಳೆದ್ದು ಬಾಗಿಲೇ ಕಾಣದು.

ಮದ್ದುಗುಂಡು ಮುಟ್ಟಬೇಡಿ. ಅದರೊಳಗಿನ ಸ್ಫೋಟಕ ಪಿಕ್ರಿಕ್ ಆಮ್ಲ ಲೋಹದ ಜೊತೆ ಸೇರಿ ಆಗುವ ಲವಣ ಒಂದು ಏಟಿಗೇ ಸಿಡಿಯಬಲ್ಲದು. ಹಡಗಿನಿಂದ ಒಂದು ಬಾಟಲಿ ಎತ್ತಿದರೂ ಅದು ಕಾನೂನುಬಾಹಿರ. ಅಲ್ಲಿ ಮನುಷ್ಯರ ಮೂಳೆಗಳೂ ಇವೆ, ಕ್ಯಾಮೆರಾ ಹಿಡಿದು ನಕ್ಕು ಪೋಸು ಕೊಡುವ ಜಾಗವಲ್ಲ.

ನೆಲದ ಮೇಲೂ ಕಿರಿಕಿರಿ ಉಂಟು. ಅದೇ ಲಗೂನ್‌ನ ಟೊನೊವಾಸ್ ದ್ವೀಪದ ಜಪಾನಿ ಅವಶೇಷಗಳು ಕುಟುಂಬಗಳ ಜಮೀನಿನೊಳಗಿವೆ. ಸ್ಥಳೀಯರೊಬ್ಬರನ್ನು ಜೊತೆಗಿಟ್ಟುಕೊಂಡು, ಮಾಲೀಕರನ್ನು ಕೇಳಿ, ಅವರು ಹೇಳಿದ ಹಣ ಕೊಟ್ಟೇ ಒಳಗೆ ಹೋಗಿ. ಚಿಲ್ಲರೆ ಡಾಲರ್ ನೋಟುಗಳು ಕೈಲಿರಲಿ.

ಕೊನೆಯ ತಪ್ಪು ವೇಳಾಪಟ್ಟಿಯಲ್ಲಿತ್ತು: ಸಂಜೆ ಡೈವ್, ಮರುದಿನ ಬೆಳಿಗ್ಗೆ ವಿಮಾನ. ದಿನಗಟ್ಟಲೆ ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ, ಡಿಕಂಪ್ರೆಷನ್ ಡೈವ್ (ಮೇಲೇರುವಾಗ ನಡುವೆ ಕಡ್ಡಾಯವಾಗಿ ನಿಂತು ಬರಬೇಕಾದ ಡೈವ್) ಆಗಿದ್ದರೆ 24 ಗಂಟೆಗಿಂತ ಹೆಚ್ಚು ಬಿಡುವು ಬೇಕು. ಇಲ್ಲದಿದ್ದರೆ ದೇಹದಲ್ಲಿ ಉಳಿದ ನೈಟ್ರೋಜನ್ ಕ್ಯಾಬಿನ್‌ನ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗುತ್ತದೆ. ತಂಡದಲ್ಲಿ ಒಬ್ಬರಿಗೆ ವಿಮಾನದಲ್ಲೇ ಮೊಣಕೈ, ಭುಜ ಹಿಡಿದುಕೊಂಡಿತು. ದುಡ್ಡು ಕಟ್ಟುವ ಮೊದಲು ಡೈವ್ ನಡೆಸುವವರಿಂದ ಲಿಖಿತ ಉತ್ತರ ಪಡೆಯಿರಿ: ಚೂಕ್‌ನಲ್ಲಿ ಆ ವಾರ ರಿಕಂಪ್ರೆಷನ್ ಚೇಂಬರ್ (ಇಂಥ ಗುಳ್ಳೆಗಳಿಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ) ನಡೆಯುತ್ತಿದೆಯೇ, ನಡೆಸಬಲ್ಲವರು ಊರಲ್ಲಿದ್ದಾರೆಯೇ, ದೋಣಿಯಲ್ಲಿ ಎಷ್ಟು ಗಂಟೆಗೆ ಸಾಲುವ ಆಮ್ಲಜನಕವಿದೆ? ವಿಮೆಯ ಕಾಗದದಲ್ಲಿ ಆಳದ ಮಿತಿ ಎಷ್ಟೆಂದೂ ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು 30 ಮೀಟರ್ ದಾಟಿದವರಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ.